ಪಟೇಲರ ಎರಡು ಸೀಟಿನ ಕಾರು, ನನ್ನ ಬ್ಯಾಟರಿ ಶೆಡ್ಡು

ಬ್ಯಾಟರಿಯ ಮೇಲೆ ಬಗ್ಗುವ ಮೊದಲು ತಾಳಿಯನ್ನು ಬೆನ್ನ ಕಡೆಗೆ ಸರಿಸಿಕೊಳ್ಳಬೇಕು. ಕೈಯಲ್ಲಿ ಲೋಹದ ಬಳೆ ಇರಬಾರದು, ಗಾಜಿನದಾದರೆ ಇರಬಹುದು. ಕೊರಳಲ್ಲಿ ಲಿಂಗದ ಕರಡಿಗೆ ಇದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಬೇಕು. ಈ ಕೆಲಸದಲ್ಲಿ ನಾನು ಮಾಡಿಕೊಂಡ ಮೊದಲ ನಿಯಮ ಇದು. ಕ್ಲೋಸ್‌ಪೇಟೆಯ ಬೀದಿ ನನ್ನ ಮೇಲೆ ಹೊರಿಸಿದ ಮೊದಲ ಅಪವಾದವೂ ಇದೇ. “ಗಂಡ ಬದುಕಿದ್ದಂಗೇ ತಾಳಿ ಬೆನ್ಗೆ ಹಾಕ್ಕಂಡವ್ಳೆ” ಎಂದರು. ಹೌದು, ಹಾಕಿಕೊಂಡಿದ್ದೆ. ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ ಚಿನ್ನವೋ ಕಬ್ಬಿಣವೋ ಅಡ್ಡ ಬಿದ್ದರೆ ರೆಪ್ಪೆ ಬಡಿಯುವಷ್ಟರಲ್ಲಿ ಕೆಂಡವಾಗುತ್ತದೆ. ತಾಳಿ ಕರಗುವುದು ಮೇಲೋ, ಬೆನ್ನ ಮೇಲೆ ಉಳಿಯುವುದು ಮೇಲೋ ಎಂದು ಅಂದವರನ್ನೇ ಕೇಳಿದೆ. ಉತ್ತರಕ್ಕೆ ಕಾಯದೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ.

ಈಗ ಕೆಲಸ ಬಿಟ್ಟಿದ್ದೇನೆ. ಮಹಾರಾಜರ ಆಳ್ವಿಕೆ ಮುಗಿಯಿತು, ನಮ್ಮ ಕ್ಲೋಸ್‌ಪೇಟೆಯ ಹೆಸರೂ ರಾಮನಗರ ಎಂದಾಯಿತು. ಬ್ಯಾಟರಿ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ, ಅವರ ಕೈಯಲ್ಲಿ ಚಿತ್ರ ಹಾಕಿದ ಪುಸ್ತಕಗಳಿವೆ. ನಾನು ನಾಲ್ಕನೆಯ ತರಗತಿ ಓದಿದ ಮನೆವಾರ್ತೆಯ ಹೆಂಗಸು. ಪುಸ್ತಕದಲ್ಲಿರುವುದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಪುಸ್ತಕ ಬರೆದವರು ನಮ್ಮ ಕಡೆ ಬಂದಿದ್ದರೆ ಎಲ್ಲಿ ಎಡವುತ್ತಿದ್ದರೋ ಅದನ್ನಷ್ಟೇ ಬರೆಯುತ್ತೇನೆ.

ಶೆಡ್ಡು ನನ್ನದಲ್ಲ, ನಮ್ಮ ಯಜಮಾನರದು. ಅವರು ಬೆಂಗಳೂರಿನ ದಂಡಿನಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದು, ಮೈಸೂರು ರಸ್ತೆಯ ಪಕ್ಕ ನಮ್ಮ ಕೂಡುಕುಟುಂಬದ ಜಾಗದಲ್ಲಿ ಹೆಂಚು ಹೊದಿಸಿ ಶುರುಮಾಡಿದ್ದರು. ಒಂದು ಎಣ್ಣೆ ಇಂಜಿನ್, ಅದರಿಂದ ಪಟ್ಟೆ ಹಾಕಿ ತಿರುಗಿಸುವ ಒಂದು ಡೈನಮೊ, ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಬಸ್ಸು ಲಾರಿಗಳ ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಚಾರ್ಜು ಮಾಡುವುದು. ನಾನು ಮನೆಯಿಂದ ಊಟ ತರುತ್ತಿದ್ದೆ, ಮುದ್ದೆ ಆರುವವರೆಗೂ ಅವರು ಕೆಲಸ ಬಿಡದಿದ್ದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟೇ ನನ್ನ ವಿದ್ಯಾಭ್ಯಾಸ.

ಒಂದು ದಿನ ಅವರು ಅವಸರದಲ್ಲಿ ಆ್ಯಸಿಡ್ ಇದ್ದ ಜಾಡಿಗೆ ನೀರು ಸುರಿದರು. ಸುರಿಯಬೇಕಾದದ್ದು ನೀರಿಗೆ ಆ್ಯಸಿಡನ್ನು, ಅದೂ ನೂಲಿನಷ್ಟು ಸಣ್ಣಗೆ. ಕಾದ ಎಣ್ಣೆಗೆ ನೀರು ಬಿದ್ದರೆ ಒಗ್ಗರಣೆ ಸೌಟು ಏನು ಮಾಡುತ್ತದೋ ಆ ಜಾಡಿ ಅದನ್ನೇ ಮಾಡಿತು. ಎಡಗಣ್ಣು ಅವತ್ತೇ ಹೋಯಿತು. ಬಲಗಣ್ಣಿಗೆ ಮಂಜು ಕವಿದು, ಮನುಷ್ಯರು ಮರಗಳ ಹಾಗೆ ಕಾಣುವಷ್ಟು ಮಾತ್ರ ಉಳಿಯಿತು. ಅಷ್ಟು ಉಳಿಸಿದ್ದು ಶಿವನ ಕೃಪೆ. ದಿನಕ್ಕೊಂದಾದರೂ ಕೃಪೆಯನ್ನು ಗುರುತಿಸಿ ಕೈಮುಗಿಯುವುದು ನನ್ನ ಅಭ್ಯಾಸ, ಅವತ್ತಿನದು ಅದು. ಇನ್ನೊಂದು, ಅವರ ಕಿವಿ.

ಆ ಕಿವಿಯೇ ನನ್ನ ಮೇಲಧಿಕಾರಿ. ಅವರು ಶೆಡ್ಡಿನ ಮೂಲೆಯಲ್ಲಿ ಮೊಳದುದ್ದದ ಮಣೆ ಹಾಕಿ ಕುಳಿತು, ಕೈಗೆ ಕೆಲಸವಿಲ್ಲದ ಸಿಟ್ಟನ್ನೆಲ್ಲ ನನಗೆ ಕಲಿಸುವುದರಲ್ಲಿ ತೀರಿಸಿದರು. ಬ್ಯಾಟರಿ ತುಂಬುತ್ತಿದ್ದಂತೆ ಒಳಗೆ ಗುಳ್ಳೆ ಏಳುತ್ತದೆ. ಒಂದೊಂದು ಸೆಲ್ಲಿಗೆ ನಾವು ಮನೆ ಎನ್ನುತ್ತೇವೆ; ಆರು ಮನೆಯ ಬ್ಯಾಟರಿಯಾದರೆ ಆರೂ ಮನೆ ಒಂದೇ ಸಮ ಸದ್ದು ಮಾಡಬೇಕು. “ಮೂರನೇ ಮನೆ ಸದ್ದು ಮಾಡ್ತಿಲ್ಲ” ಎಂದು ಕುಳಿತಲ್ಲಿಂದಲೇ ಹೇಳುವರು. ನಾನು ಮುಚ್ಚಳ ತೆಗೆದು ಗಾಜಿನ ಕೊಳವೆಯಲ್ಲಿ ಆ್ಯಸಿಡ್ ಹೀರಿ ನೋಡಿದರೆ, ಚಾರ್ಜು ಇಳಿದಷ್ಟೂ ಮುಳುಗುವ ಒಳಗಿನ ತೇಲು ಮೂರನೆಯ ಮನೆಯಲ್ಲಿ ಮಾತ್ರ ಮುಳುಗಿರುತ್ತಿತ್ತು. ನಾನು ತಪ್ಪಿದಾಗ ಅವರು ಬೈಯುತ್ತಿರಲಿಲ್ಲ. “ಅನ್ನ ಬೆಂದದ್ದು ನಿಂಗೆ ಸದ್ದಲ್ಲೇ ಗೊತ್ತಾಯ್ತದೆ. ಇದ್ಯಾಕೆ ಗೊತ್ತಾಗಕಿಲ್ಲ?” ಎನ್ನುವರು. ಬೈಗುಳವೇ ಮೇಲಿತ್ತು.

ಹತ್ತಿ ಸೀರೆಗೆ ಆ್ಯಸಿಡಿನ ಹನಿ ಬಿದ್ದರೆ ಒಗೆದ ಮೇಲೆ ಜರಡಿ. ಎರಡು ಸೀರೆ ಹೀಗೆ ಹೋದ ಮೇಲೆ ಕುರುಬರ ಕರಿ ಕಂಬಳಿಯನ್ನು ಕತ್ತರಿಸಿ ಮುಂದೆ ಕಟ್ಟಿಕೊಂಡೆ. ಉಣ್ಣೆಯನ್ನು ಆ್ಯಸಿಡ್ ಬೇಗ ತಿನ್ನುವುದಿಲ್ಲ. ಬ್ಯಾಟರಿಗೆ ಬಾವಿಯ ನೀರು ಆಗದು. ನಮ್ಮ ಊರು ಬಂಡೆಯ ಮೇಲೆ ಕುಳಿತಿದೆ, ಬಂಡೆಯ ಸುಣ್ಣ ಉಪ್ಪೆಲ್ಲ ನೀರಿನಲ್ಲಿರುತ್ತದೆ. ಮಳೆ ಬಂದಾಗ ಬಯಲಲ್ಲಿ ಬಿಳಿ ಪಂಚೆ ಕಟ್ಟಿ, ಅದರ ನಡುವೆ ಒಂದು ಕಲ್ಲಿಟ್ಟು, ಸೋರಿದ ನೀರನ್ನು ಉಪ್ಪಿನಕಾಯಿ ಜಾಡಿಗಳಲ್ಲಿ ಹಿಡಿಯುತ್ತಿದ್ದೆ. ಮೊದಲ ಹತ್ತು ನಿಮಿಷದ ಮಳೆ ಬೇಡ, ಅದು ಗಾಳಿಯ ಕೊಳೆ. ಒಳ್ಳೆಯ ಮಳೆಯಾದ ವರ್ಷ ಆರು ಜಾಡಿ ಸಿಗುತ್ತಿತ್ತು. ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇರುತ್ತಿರಲಿಲ್ಲ.

ಮೊದಲ ತಿಂಗಳು ಕನಕಪುರದ ಬಸ್ಸಿನ ಡ್ರೈವರು ಬ್ಯಾಟರಿ ತಂದು ಹೊಸಿಲಾಚೆ ಇಟ್ಟು ನಿಂತ. ಬಸ್ಸಿನ ಜನ ಇಳಿದು ಸುತ್ತ ನೋಡುತ್ತಿದ್ದರು.

“ಯಜಮಾನ್ರು ಮಾಡ್ತಾರಾ?”

“ಯಜಮಾನ್ರು ಹೇಳ್ತಾರೆ, ನಾನು ಮಾಡ್ತೀನಿ.”

“ನೀನು ಮುಟ್ಬ್ಯಾಡ ಕಣ್ತಾಯಿ. ಹೆಂಗುಸ್ರು ಮುಟ್ಟುದ್ರೆ ಕರೆಂಟು ಇಳ್ದೋಯ್ತದಂತೆ.”

“ಇಳ್ದೋಗಿರೋದ್ಕೆ ತಾನೆ ಇಲ್ಲಿಗೆ ತಂದಿರೋದು? ಇದನ್ನ ಇಳಿಸ್ದ ಹೆಂಗುಸು ಯಾರಪ್ಪಾ?”

ಬಸ್ಸಿನ ಜನ ನಕ್ಕರು. ಅವನೂ ಕೊನೆಗೆ ನಕ್ಕು ಬ್ಯಾಟರಿಯನ್ನು ಒಳಗಿಟ್ಟ. ಮುಟ್ಟಿನ ದಿನಗಳಲ್ಲಿ ನಾನು ಶೆಡ್ಡಿಗೆ ಬರಬಾರದೆಂದು ಹೇಳಿಸಿದವರೂ ಇದ್ದರು. ಲಿಂಗ ಕಟ್ಟಿದ ಹೆಣ್ಣಿಗೆ ಆ ಮೈಲಿಗೆ ಇಲ್ಲವೆಂದು ನಮ್ಮ ಹಿರಿಯರು ಎಂದೋ ತೀರ್ಮಾನಿಸಿದ್ದಾರೆ. ಶಿವನ ಪೂಜೆಗೇ ಅಡ್ಡಿಯಾಗದ್ದು ಸೀಸದ ಪೆಟ್ಟಿಗೆಗೆ ಹೇಗೆ ಅಡ್ಡಿಯಾದೀತು?

ನನ್ನಿಂದ ತಪ್ಪಾಗಲಿಲ್ಲವೆಂದು ಹೇಳಲಾರೆ. ಆಗಿನ ಬ್ಯಾಟರಿಯಲ್ಲಿ ಒಂದು ಸೀಸದ ತಗಡು ಇನ್ನೊಂದಕ್ಕೆ ತಾಗದಂತೆ ನಡುವೆ ತೆಳ್ಳನೆಯ ಮರದ ಹಾಳೆ ಇರುತ್ತಿತ್ತು. ಬೆಂಗಳೂರಿನಿಂದ ತರಿಸಿದರೆ ತಿಂಗಳು ಹಿಡಿಯುತ್ತಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕರೀಂ ಸಾಬರು ಹಾಲೆಮರವನ್ನು ಎಲೆಯಷ್ಟು ತೆಳ್ಳಗೆ ಸೀಳಿಕೊಟ್ಟರು. ನನಗೆ ಹಿಗ್ಗು. ಹಾಗೆಯೇ ಹಾಕಿದೆ. ಹದಿನೈದು ದಿನಕ್ಕೆ ಬ್ಯಾಟರಿ ಹುಳಿವಾಸನೆ ಹೊಡೆದು ಸತ್ತಿತು. ಮರದೊಳಗಿನ ಹಾಲು, ರಸವೆಲ್ಲ ಸೀಸವನ್ನು ತಿಂದಿತ್ತು. ಕರೀಂ ಸಾಬರು ಅದನ್ನು ಮೂಸಿ ನೋಡಿ, “ಅಮ್ಮಾ, ನಾವು ಬೊಂಬೆಗೇ ಮರಾನ ತಿಂಗ್ಳುಗಟ್ಲೆ ಒಣಗಿಸ್ತೀವಿ. ನೀವು ಹಸೀದೇ ಮದುವೆ ಮಾಡಿಬಿಟ್ರಾ?” ಎಂದರು. ಆಮೇಲೆ ಹಾಳೆಗಳನ್ನು ಬೂದಿನೀರಿನಲ್ಲಿ ಕುದಿಸಿ, ಮೂರು ದಿನ ತೊಳೆದು ಹಾಕತೊಡಗಿದೆ. ಅಂಥ ಬ್ಯಾಟರಿಗಳು ಎರಡು ವರ್ಷ ಓಡಿದವು. ಬೊಂಬೆಗೆ ಬಳಿಯುವ ಅರಗನ್ನೂ ಅವರಿಂದಲೇ ತಂದು ಬಿರುಕು ಮುಚ್ಚುತ್ತಿದ್ದೆ.

ಇಷ್ಟೆಲ್ಲ ಹೇಳಿದ್ದು ಮಾಗಡಿ ಕಡೆಯ ಪಟೇಲರ ಕಾರಿನ ಮಾತಿಗೆ ಬರಲು.

ನಮ್ಮ ಮೈದುನ ರುದ್ರಪ್ಪನವರಿಗೆ ಶೆಡ್ಡಿನ ಜಾಗದ ಮೇಲೆ ಕಣ್ಣಿತ್ತು. ಮೈಸೂರು ರಸ್ತೆಯಲ್ಲಿ ಬಸ್ಸುಗಳು ಹೆಚ್ಚಿದ್ದವು. ಅಲ್ಲಿ ಕಾಫಿ ಹೋಟೆಲು ಇಡಬೇಕೆಂಬುದು ಅವರ ಆಸೆ. ಆಸೆ ತಪ್ಪಲ್ಲ. ಆದರೆ ಅವರು ಬಾಯಿಬಿಟ್ಟು ಹೋಟೆಲು ಎನ್ನುತ್ತಿರಲಿಲ್ಲ. “ಅಣ್ಣಂಗೆ ಕಣ್ಣಿಲ್ಲ, ಅತ್ತಿಗೆಗೆ ವಿದ್ಯೆ ಇಲ್ಲ. ಮನೆ ಮಾನ ರಸ್ತೆ ಮೇಲೈತೆ” ಎಂದು ನೆಂಟರ ಮುಂದೆ ಹೇಳುತ್ತಿದ್ದರು. ನೆಂಟರು ತಲೆಯಾಡಿಸುತ್ತಿದ್ದರು. ಶೆಡ್ಡು ಹೋದರೆ ನಮ್ಮ ಯಜಮಾನರು ಮನೆಯ ಜಗಲಿಯಲ್ಲಿ ಕುರುಡನೆಂದು ಕುಳಿತಿರಬೇಕಾಗಿತ್ತು. ಶೆಡ್ಡಿನಲ್ಲಿ ಅವರು ಕುರುಡರಲ್ಲ, ಮೇಸ್ತ್ರಿ. ನನಗೆ ಅದೊಂದೇ ಮುಖ್ಯವಾಗಿತ್ತು.

ಆಗ ಬಂತು ಆ ಕಾರು. ದಂಡಿನ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಪಟೇಲರಿಗೆ ಮಾರಿದ್ದು. ಅವನು ಅದನ್ನು ಪಂದ್ಯಗಳಲ್ಲಿ ಓಡಿಸುತ್ತಿದ್ದನಂತೆ. ಮೊಸಳೆಯಂಥ ಉದ್ದ ಮೂತಿ, ಮುಂದೆ ಎರಡೇ ಸೀಟು, ಹಿಂದೆ ಮುಚ್ಚಳ ಎತ್ತಿದರೆ ಬಯಲಲ್ಲಿ ಕೂರುವ ಒಂದು ಡಿಕ್ಕಿ ಸೀಟು. ಹತ್ತು ಹನ್ನೆರಡು ವರ್ಷ ಹಳೆಯದಾದರೂ ಇಂಜಿನ್ ಗಟ್ಟಿ. ರೋಗ ಒಂದೇ: ವಾರ ತುಂಬುವುದರೊಳಗೆ ಬ್ಯಾಟರಿ ಸಾಯುತ್ತಿತ್ತು. ಕಾಲಲ್ಲಿ ಒತ್ತುವ ಸ್ಟಾರ್ಟರು ಕೆಲಸ ಮಾಡದೆ, ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ, ಅದು ಒಮ್ಮೆ ಹಿಂದಕ್ಕೆ ಒದ್ದು ಪಟೇಲರ ಮಣಿಕಟ್ಟು ಮುರಿದಿತ್ತು. ಬೆಂಗಳೂರಿನಲ್ಲಿ ಒಬ್ಬರು ಡೈನಮೊ ಬಿಚ್ಚಿ ಕಟ್ಟಿದ್ದರು. ಇನ್ನೊಬ್ಬರು ಕಟ್‌ಔಟು ಬದಲಿಸಿದ್ದರು. ಇಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಡೈನಮೊಗೆ ವಾಪಸ್ಸು ಹರಿಯದಂತೆ ಬಾಗಿಲು ಹಾಕುವ ಪೆಟ್ಟಿಗೆ ಅದು. ಮೂರನೆಯವರು ಬ್ಯಾಟರಿಯನ್ನೇ ಹೊಸದು ಹಾಕಿದ್ದರು. ಹೊಸದೂ ಸತ್ತಿತು.

ಪಟೇಲರು ಕೈಗೆ ಪಟ್ಟಿ ಕಟ್ಟಿಕೊಂಡು ಶೆಡ್ಡಿನ ಮುಂದೆ ಇಳಿದಾಗ ರುದ್ರಪ್ಪನವರು ಅಲ್ಲೇ ಇದ್ದರು.

“ಬೆಂಗ್ಳೂರ್ನೋರ ಕೈಲಾಗದ್ದು ನಮ್ಮತ್ತಿಗೆ ಕೈಲಾಯ್ತದಾ ಪಟೇಲ್ರೇ? ಒಸಿ ಯೋಚ್ನೆ ಮಾಡಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಇದೊಂದ ಸರಿ ಮಾಡ್ಬುಡಿ ಅತ್ತಿಗೆ, ನಾನು ಬಾಯ್ಮುಚ್ಕತೀನಿ. ಆಗ್ನಿಲ್ಲ ಅಂದ್ರೆ ಬೀಗದ್ಕೈ ಕೊಟ್ಬುಟ್ಟು ಒಲೆ ಮುಂದೆ ಕೂತ್ಕಳಿ” ಎಂದರು.

ನಮ್ಮ ಯಜಮಾನರ ಮುಖ ನನ್ನ ಕಡೆ ತಿರುಗಿತು.

“ಬರೋ ಹುಣ್ಣಿಮೆಯಿಂದ ಅದರಾಚೆ ಹುಣ್ಣಿಮೆಗೆ” ಎಂದೆ. “ಒಂದು ತಿಂಗಳು ಈ ಕಾರು ದಿನಾ ಬೆಳಗ್ಗೆ ಹ್ಯಾಂಡಲ್ ಇಲ್ದೆ ಸ್ಟಾರ್ಟ್ ಆಗ್ಬೇಕು. ಒಂದಿನ ತಪ್ಪುದ್ರೂ ಬೀಗದ ಕೈ ನಿಮ್ದು. ಮಾತಿಗೆ ಪಟೇಲ್ರೇ ಸಾಕ್ಷಿ.”

ಹೇಳಿದ ಮೇಲೆ ಕಂಬಳಿಯನ್ನು ಬಿಗಿದು ಕಟ್ಟಿಕೊಂಡೆ.

ಬ್ಯಾಟರಿ ಆ ಕಾರಿನ ಪಕ್ಕದ ಮೆಟ್ಟಿಲಿಗೆ ಕೂರಿಸಿದ ಪೆಟ್ಟಿಗೆಯಲ್ಲಿತ್ತು. ಹೊರಗೆ ತೆಗೆದೆ. ಮೇಲೆಲ್ಲ ಬೂದುಬಣ್ಣದ ಹೆಪ್ಪು, ಅಲ್ಲಲ್ಲಿ ಹಳದಿ ಕಲೆ, ಕಂಬಗಳಿಗೆ ಹಸಿರು ಕಿಲುಬು. ನಾನು ಏನು ಮಾಡಿದೆ? ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಯಾವ ಗೃಹಿಣಿ ತೊಳೆಯದೆ ಒಳಗಿಡುತ್ತಾಳೆ? ಬೂದಿನೀರು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಒರೆಸಿ, ಕನ್ನಡಿಯ ಹಾಗೆ ಮಾಡಿ ಹಲಗೆಯ ಮೇಲಿಟ್ಟೆ. ಮನಸ್ಸಿಗೆ ಸಮಾಧಾನವೂ ಆಯಿತು. ಇದು ನನ್ನ ವೃತ್ತಿಯ ಅತಿ ದೊಡ್ಡ ತಪ್ಪು. ಹೊಸಬರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ: ತೊಳೆಯುವ ಮೊದಲು ನೋಡಬೇಕು, ನೋಡಿದ ಮೇಲೆ ಯೋಚಿಸಬೇಕು, ತೊಳೆಯುವುದು ಆಮೇಲೆ. ಕಳ್ಳನ ಹೆಜ್ಜೆ ಗುರುತನ್ನು ನಾನೇ ಸಾರಿಸಿ ರಂಗೋಲಿ ಹಾಕಿದ್ದೆ.

ಚಾರ್ಜು ಮಾಡಿದೆ. ಆರೂ ಮನೆ ಒಂದೇ ಸಮ ಕುದಿದವು. ಯಜಮಾನರು ಮೂಲೆಯಿಂದ “ಒಳ್ಳೆ ಬ್ಯಾಟರಿ” ಎಂದರು. ಐದು ದಿನ ಹಲಗೆಯ ಮೇಲೆ ಸುಮ್ಮನೆ ಬಿಟ್ಟೆ. ಕೊಳವೆಯ ತೇಲು ಇಳಿಯಲಿಲ್ಲ. ಅಂದರೆ ಬ್ಯಾಟರಿಯಲ್ಲಿ ದೋಷವಿಲ್ಲ.

ಹಾಗಾದರೆ ತಂತಿಯಲ್ಲಿ ಎಲ್ಲೋ ಸೋರುತ್ತಿರಬೇಕು. ಬ್ಯಾಟರಿಯನ್ನು ಕಾರಿಗೆ ಕೂರಿಸಿ, ಒಂದು ಕಂಬದ ತಂತಿ ಬಿಚ್ಚಿ, ಕಂಬಕ್ಕೂ ತಂತಿಗೂ ನಡುವೆ ಒಂದು ಸಣ್ಣ ಬಲ್ಬು ಕಟ್ಟಿದೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿದ ಮೇಲೆ ಬಲ್ಬು ಉರಿದರೆ ಕರೆಂಟು ಕಳ್ಳದಾರಿಯಲ್ಲಿ ಹೋಗುತ್ತಿದೆ ಎಂದು ಅರ್ಥ. ಬಲ್ಬು ಉರಿಯಲಿಲ್ಲ. ತಂತಿಯನ್ನು ಅಲ್ಲಾಡಿಸಿದೆ, ಬಾನೆಟ್ಟು ಎತ್ತಿ ಇಳಿಸಿದೆ, ಹಾರನ್ ಗುಂಡಿ ತಟ್ಟಿದೆ. ಉರಿಯಲಿಲ್ಲ. ಇಂಜಿನ್ ಓಡಿಸಿ ನೋಡಿದರೆ ಡೈನಮೊ ತುಂಬುತ್ತಿತ್ತು, ನಿಲ್ಲಿಸಿದರೆ ಕಟ್‌ಔಟು ಬಾಗಿಲು ಹಾಕುತ್ತಿತ್ತು. ಮತ್ತೆ ಮೂರು ದಿನ ಕಾರನ್ನು ಶೆಡ್ಡಿನ ನೆರಳಲ್ಲೇ ಇಟ್ಟುಕೊಂಡೆ. ಪ್ರತಿ ಬೆಳಗ್ಗೆ ಒತ್ತಿದೊಡನೆ ಎದ್ದಿತು.

ಪಟೇಲರು ಹುರುಪಿನಿಂದ ಒಯ್ದರು. ಆರನೆಯ ದಿನ ಅದೇ ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ರುದ್ರಪ್ಪನವರು ಅದರ ಹಿಂದೆಯೇ ನಡೆದು ಬಂದು, ಶೆಡ್ಡಿನ ಒಳಗೆ ಎಷ್ಟು ಮೇಜು ಹಿಡಿಸಬಹುದೆಂದು ಹೆಜ್ಜೆ ಹಾಕಿ ಅಳೆದರು.

“ತಿಂಗ್ಳು ಇನ್ನೂ ಶುರುವಾಗಿಲ್ಲ” ಎಂದೆ. “ಹುಣ್ಣಿಮೆ ನಾಡಿದ್ದು.”

ಅವತ್ತು ಸಂಜೆ ಲಿಂಗಪೂಜೆಗೆ ಕುಳಿತವಳು ಅಂಗೈಯ ಲಿಂಗವನ್ನು ನೋಡುತ್ತ, ನಾನು ಎಲ್ಲಿ ತಪ್ಪಿದೆ ಹೇಳು ಎಂದು ಕೇಳಿದೆ. ಹಣೆಯ ಮೇಲೆ ಒದ್ದೆ ವಿಭೂತಿ ಒಣಗಿ ಚರ್ಮ ಬಿಗಿಯುತ್ತಿತ್ತು, ಅಷ್ಟೇ. ಎದ್ದು ಹೋಗಿ ಯಜಮಾನರಿಗೆ ಹೇಳಿದೆ: “ನಮ್ಮ ಹತ್ರ ಇದ್ರೆ ಬದುಕ್ತದೆ, ಅವ್ರ ಮನೇಗೋದ್ರೆ ಸಾಯ್ತದೆ. ರೋಗ ಕಾರಲ್ಲಿಲ್ಲ. ಮನೇಲೈತೆ.”

ಅವರು, “ಸೊಸೆ ತವರಲ್ಲಿ ಗುಂಡುಗುಂಡಗಿದ್ದು ಗಂಡನ ಮನೇಲಿ ಒಣಗುದ್ರೆ ವೈದ್ಯ ಎಲ್ಲಿಗೋಗ್ಬೇಕು?” ಎಂದರು.

ಮರುದಿನ ಅದೇ ಕಾರಿನಲ್ಲಿ ಪಟೇಲರ ಜೊತೆ ನಾವಿಬ್ಬರೂ ಮಾಗಡಿಗೆ ಹೊರಟೆವು. ಬ್ಯಾಟರಿ ಮತ್ತೆ ತುಂಬಿಸಿ ಕೂರಿಸಿದ್ದೆ. ಈ ಸಲವೂ ಮೇಲೆ ಹೆಪ್ಪಿತ್ತು. ಅದನ್ನು ತೊಳೆಯಲು ಕೈ ಹೋಯಿತು, ತಡೆದುಕೊಂಡೆ. ಕಂಬಗಳ ತುದಿಯನ್ನಷ್ಟೇ ಕೆರೆದು ಉಳಿದದ್ದನ್ನು ಹಾಗೆಯೇ ಬಿಟ್ಟೆ. ಮುಂದಿನ ಸೀಟಿನಲ್ಲಿ ಪಟೇಲರ ಪಕ್ಕ ಯಜಮಾನರು ಕುಳಿತರು. ಹಿಂದಿನ ಡಿಕ್ಕಿ ಸೀಟಿನಲ್ಲಿ, ಬಯಲ ಬಿಸಿಲಲ್ಲಿ, ತಲೆಗೆ ಸೆರಗು ಬಿಗಿದು ನಾನು. ರಸ್ತೆಯ ಎರಡೂ ಕಡೆ ಜನ ನಿಂತು ನೋಡಿದರು. ರೇಷ್ಮೆ ನೂಲು ತೆಗೆಯುವ ಒಲೆಗಳ ಹತ್ತಿರದಿಂದ ಒಬ್ಬಾಕೆ, “ಎಲ್ಗೋಗ್ತಾವ್ಳೆ ಬಸಮ್ಮಣ್ಣಿ, ಮೆರವಣಿಗೇಲಿ?” ಎಂದು ಕೂಗಿದಳು. “ರೋಗಿ ನೋಡಕ್ಕೆ” ಎಂದು ನಾನೂ ಕೂಗಿದೆ. ಕಾರು ಅಷ್ಟು ಜೋರಾಗಿ ಓಡಬಲ್ಲುದೆಂದು ಅಂದೇ ತಿಳಿದದ್ದು. ಇಳಿಯುವಾಗ ಬಾಯಿತುಂಬ ಧೂಳು. ಅವತ್ತಿನ ಕೃಪೆ ಯಾವುದೆಂದು ಕೇಳಿದರೆ, ಆ ಸವಾರಿಯೇ.

ಪಟೇಲರ ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಎಪ್ಪತ್ತು ದಾಟಿದ, ಹಣೆತುಂಬ ವಿಭೂತಿಯ, ನೆಟ್ಟನೆಯ ಹೆಂಗಸು. ನಮಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟರು. ಬೆಳಕು ಹರಿಯುವ ಹೊತ್ತಿಗೆ ನಾನು ಎದ್ದು ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸಿದ್ದಲ್ಲಿ ಕಾದು ಕುಳಿತೆ.

ದೊಡ್ಡವ್ವ ಮಿಂದು, ಒದ್ದೆ ಕೂದಲನ್ನು ಗಂಟುಹಾಕಿ, ತಟ್ಟೆ ಹಿಡಿದು ಬಂದರು. ಕಾರಿನ ಮೂತಿಗೆ ಹೂವಿಟ್ಟರು. ಆಮೇಲೆ ಬಗ್ಗಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದರು. ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಿನಿಂದ ಬ್ಯಾಟರಿಯ ಈ ಕಂಬದಿಂದ ಆ ಕಂಬದವರೆಗೆ ಮೂರು ಗೆರೆ ಎಳೆದರು. ನಡುವೆ ಕುಂಕುಮದ ಬೊಟ್ಟಿಟ್ಟರು. ತೀರ್ಥ ಪ್ರೋಕ್ಷಿಸಿದರು. ಕಣ್ಣುಮುಚ್ಚಿ ಮಗನ ಹೆಸರು ಹೇಳಿ ಕೈಮುಗಿದರು.

ನಾನು ನೋಡುತ್ತಿದ್ದಂತೆಯೇ ಬೊಟ್ಟಿನ ಅಂಚು ಕೆಂಪಿನಿಂದ ಹಳದಿಗೆ ತಿರುಗಿತು. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪು ಕುಂಕುಮ, ಹುಳಿ ತಾಗಿದರೆ ಮತ್ತೆ ಹಳದಿ. ಆರತಿ ನೀರು ಕದಡಿದ ಯಾವ ಹೆಂಗಸಿಗೆ ಇದು ಗೊತ್ತಿಲ್ಲ? ಬ್ಯಾಟರಿಯ ಬೆನ್ನ ಮೇಲೆ ಆ್ಯಸಿಡಿನ ಪಸೆ ಇತ್ತು. ಅದರೊಂದಿಗೆ ಬೂದಿ, ಅದರ ಮೇಲೆ ದಿನಾ ನೀರು. ಎರಡು ಕಂಬಗಳ ನಡುವೆ ದೊಡ್ಡವ್ವ ದಿನವೂ ಒಂದು ಸೇತುವೆ ಕಟ್ಟುತ್ತಿದ್ದರು. ಕರೆಂಟು ತಂತಿಗೆ ಹೋಗುವ ಮೊದಲೇ ಆ ಸೇತುವೆಯ ಮೇಲೆ ನಡೆದುಹೋಗುತ್ತಿತ್ತು. ಹಾಗಾಗಿಯೇ ನನ್ನ ಬಲ್ಬು ಉರಿದಿರಲಿಲ್ಲ. ಆ ಹಳದಿ ಕಲೆಯನ್ನೇ ನಾನು ಮೊದಲ ದಿನ ತಿಕ್ಕಿ ತೆಗೆದಿದ್ದೆ.

ಕಾರಣ ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷವಾಗಲಿಲ್ಲ, ಭಯವಾಯಿತು. ವಿಭೂತಿ ಹಚ್ಚಬೇಡಿ ಎಂದು ಹೇಳಬೇಕಾದವಳು ನಾನು, ವಿಭೂತಿಯಿಲ್ಲದೆ ನೀರೂ ಕುಡಿಯದವಳು.

“ಎಷ್ಟು ದಿನದಿಂದ ಮಾಡ್ತಿದ್ದೀರಿ ದೊಡ್ಡವ್ವಾ?”

“ಕಾರು ಬಂದಾಗಿಂದ್ಲೂವೆ. ಇದ್ರ ಜೀವ ಎಲ್ಲೈತಪ್ಪಾ ಅಂತ ಮಗನ್ನ ಕೇಳ್ದೆ. ಈ ಪೆಟ್ಗೇಲೈತೆ ಅಂದ. ಜೀವ ಇರೋ ತಾವ್ಕೆ ತಾನೆ ಕಾಪು ಇಡ್ಬೇಕು? ಕೈ ಮುರ್ಕಂಡಾಗಿಂದ ಒಸಿ ಜಾಸ್ತಿನೇ ಹಚ್ತೀನಿ.”

ಮಾತಿಗಿಂತ ಕಣ್ಣಿಗೆ ತೋರಿಸುವುದು ಮೇಲೆಂದು ವೋಲ್ಟು ನೋಡುವ ಮುಳ್ಳಿನ ಗಡಿಯಾರ ತೆಗೆದೆ. ಒಂದು ಕಡ್ಡಿಯನ್ನು ಕಂಬಕ್ಕೆ, ಇನ್ನೊಂದನ್ನು ಸೀಸಕ್ಕೆ ತಾಗಿಸದೆ ಒದ್ದೆ ವಿಭೂತಿಯ ಗೆರೆಗೆ ಮಾತ್ರ ಮುಟ್ಟಿಸಿದೆ. ಮುಳ್ಳು ಎದ್ದಿತು. “ನೋಡಿ ದೊಡ್ಡವ್ವಾ, ಬರೀ ಬೂದಿ ಮುಟ್ಟುದ್ರೂ ಮುಳ್ಳು ಏಳ್ತದೆ.”

ಅವರು ಬಗ್ಗಿ ನೋಡಿದರು. ಮುಖ ಅರಳಿತು. “ನೋಡ್ದಾ ಮತ್ತೆ! ಎಂಥಾ ಸಕ್ತಿ ಐತೆ ವಿಭೂತೀಲಿ” ಎಂದು ಮುಳ್ಳಿಗೂ ಕೈಮುಗಿದರು.

ಒಳಗಿನಿಂದ ಯಜಮಾನರು ನಕ್ಕದ್ದು ಕೇಳಿಸಿತು. ಪಟೇಲರೂ ಎದ್ದು ಬಂದಿದ್ದರು; ಅವರು ತಾಯಿಯ ಮುಂದೆ ಬಾಯಿ ಬಿಡುವವರಲ್ಲ. ನಾನು ಕಡ್ಡಿಗಳನ್ನು ಸುತ್ತಿಟ್ಟೆ. ಮುಳ್ಳಿನಿಂದ ಆಗದ್ದು ಇನ್ನು ನನ್ನ ಬಾಯಿಂದಲೇ ಆಗಬೇಕಿತ್ತು.

“ಸಕ್ತಿ ಐತೆ ದೊಡ್ಡವ್ವಾ. ಇಲ್ಲ ಅನ್ನಕ್ಕೆ ನಾನ್ಯಾರು? ಆದ್ರೆ ಆ ಸಕ್ತಿ ಬ್ಯಾಟ್ರಿದು. ದಿನಾ ವಿಭೂತಿ ದಾರೀಲಿ ಸೋರೋಯ್ತಾ ಐತೆ. ನಿಮ್ಮ ಮಗ ಹ್ಯಾಂಡಲ್ ತಿರುಗ್ಸಿ ಕೈ ಮುರ್ಕಂಡಿದ್ದು ಇದ್ರಿಂದ್ಲೇ.”

ಮಾತು ಬಿರುಸಾಯಿತು. ಅವರ ಮುಖ ಕಲ್ಲಾಯಿತು. “ನನ್ನ ಪೂಜೆಯಿಂದ ನನ್ನ ಮಗನ ಕೈ ಮುರೀತು ಅಂತೀಯಾ? ಕೊಳ್ಳಲ್ಲಿ ಲಿಂಗ ಕಟ್ಕಂಡು ಇಂಥಾ ಮಾತಾಡ್ತಿದ್ದೀಯಲ್ಲ, ತಾಳಿ ಬೆನ್ಗೆ ಹಾಕವ್ಳು ಅಂದಿದ್ರು, ನಂಬಿರ್ನಿಲ್ಲ.”

ಕ್ಲೋಸ್‌ಪೇಟೆಯ ಮಾತು ಮಾಗಡಿಗೂ ಬಂದಿತ್ತು. ನಾನು ಎದ್ದು ಹೊರಟುಬಿಡಬಹುದಿತ್ತು. ಶೆಡ್ಡಿನ ನೆನಪಾಯಿತು. ಅಷ್ಟರಲ್ಲಿ ಯಜಮಾನರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಬೆಳಗಿನ ಬಿಸಿಲು ಅವರ ಸುಟ್ಟ ಕಣ್ಣಿನ ಮೇಲೆ ಬಿತ್ತು.

“ದೊಡ್ಡವ್ವಾ, ಒಂದ್ಮಾತು ಕೇಳ್ತೀನಿ” ಎಂದೆ. “ವಿಭೂತೀನ ನಾವು ಹಣೆಗೆ ಹಚ್ಕತೀವಿ, ತೋಳಿಗೆ ಹಚ್ಕತೀವಿ. ಕಣ್ಣಿನೊಳಕ್ಕೆ ಹಾಕ್ಕತೀವಾ? ಹಾಕ್ಕಳ್ಳಲ್ಲ ಅಂದ್ರೆ ಕಣ್ಣು ಕೀಳೂ ಅಂತಲ್ಲ, ವಿಭೂತಿ ಕೀಳೂ ಅಂತಲ್ಲ. ಅದು ಅದರ ಜಾಗ ಅಲ್ಲ. ಇದು ಕಾರಿನ ಕಣ್ಣು. ಒಂದು ಹನಿ ಜಾಗ ತಪ್ಪಿದ್ರೆ ಕಣ್ಣಿಗೇನಾಯ್ತದೆ ಅಂತ ನಮ್ಮನೇಲಿ ನೋಡಿದ್ದೀವಿ.”

ದೊಡ್ಡವ್ವ ಯಜಮಾನರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಕೈಯ ಪಟ್ಟಿಯನ್ನು ನೋಡಿದರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು, “ಹಂಗಾದ್ರೆ ಎಲ್ಲಿಗೆ ಹಚ್ಲಿ?” ಎಂದರು.

“ಬಾನೆಟ್ಟು ಇದರ ಹಣೆ. ತುಂಬ ಹಚ್ಚಿ. ಮುಂದಿನ ದೀಪಕ್ಕೆ ಮಾತ್ರ ಬೇಡ.”

“ದೀಪಕ್ಯಾಕ್ ಬೇಡ?”

“ದಾರಿ ಕಾಣ್ಬೇಕಲ್ಲವ್ವಾ.”

ಅವರು ಮೊದಲ ಸಲ ನಕ್ಕರು. ನಾನು ಬ್ಯಾಟರಿ ತೊಳೆದೆ, ಅವರೇ ನೀರು ಹುಯ್ದರು. ಬಿರುಕು ಬಿಟ್ಟಿದ್ದ ಕಡೆ ಕರೀಂ ಸಾಬರ ಅರಗು ಕರಗಿಸಿ ಮುಚ್ಚಿ, ಕಂಬಗಳಿಗೆ ಹರಳೆಣ್ಣೆ ಸವರಿ, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ದೊಡ್ಡವ್ವನ ಕೈಗೇ ಕೊಟ್ಟೆ. ಮಗನಿಗೆ ಕೊಟ್ಟಿದ್ದರೆ ತಾಯಿ ಕೇಳಿದಾಗ ತೆಗೆದುಕೊಡುತ್ತಿದ್ದರು.

ಹುಣ್ಣಿಮೆಯಿಂದ ಹುಣ್ಣಿಮೆಗೆ ತಿಂಗಳು ನಡೆಯಿತು. ದಿನಾ ಬೆಳಗ್ಗೆ ಒಲೆ ಹಚ್ಚುವಾಗ, ಈಗ ಮಾಗಡಿಯಲ್ಲಿ ಅದು ಎದ್ದಿತೋ ಇಲ್ಲವೋ ಎಂದುಕೊಳ್ಳುತ್ತಿದ್ದೆ. ಸುದ್ದಿ ಬರಲಿಲ್ಲ. ಕೆಟ್ಟ ಸುದ್ದಿಯಾದರೆ ಎತ್ತಿನ ಹಿಂದೆ ಬರುತ್ತಿತ್ತು. ಬರದಿದ್ದುದೇ ಆ ತಿಂಗಳ ಕೃಪೆ.

ಕೊನೆಯ ದಿನ ಕಾರು ತಾನಾಗಿಯೇ ಬಂತು. ಬಾನೆಟ್ಟಿನ ಉದ್ದಕ್ಕೂ ಮೂರು ಗೆರೆ ವಿಭೂತಿ. ಪಟೇಲರ ಪಕ್ಕದಲ್ಲಿ ದೊಡ್ಡವ್ವ. ರುದ್ರಪ್ಪನವರು ನಾಲ್ಕೈದು ನೆಂಟರನ್ನು ಕರೆದುಕೊಂಡು ಬಂದಿದ್ದರು. ಬಸ್ಸಿಗೆ ಕಾಯುವವರೂ ಸೇರಿದರು. ಪಟೇಲರು ಇಂಜಿನ್ ನಿಲ್ಲಿಸಿ ಇಳಿದು, “ಒಂದ್ ದಿನಾನೂ ತಪ್ಪಿಲ್ಲ. ನಂಬ್ದೆ ಇದ್ರೆ ನೀವೇ ಒತ್ತಿ” ಎಂದು ರುದ್ರಪ್ಪನವರಿಗೆ ಸೀಟು ಬಿಟ್ಟುಕೊಟ್ಟರು.

ರುದ್ರಪ್ಪನವರು ಪಂಚೆ ಎತ್ತಿಕಟ್ಟಿ ಹತ್ತಿ, ಕಾಲಲ್ಲಿ ಗುಂಡಿ ಒತ್ತಿದರು. ಕಾರು ಒಂದೇ ಉಸಿರಿಗೆ ಎದ್ದಿತು. ಅವರು ಬೆಚ್ಚಿ ಸ್ಟೀರಿಂಗ್ ಹಿಡಿದುಕೊಂಡರು. ಜನ ನಕ್ಕರು. ಇಳಿದ ಮೇಲೆ ಅವರು ನೆಂಟರ ಕಡೆ ನೋಡಿ, “ಇದೆಲ್ಲ ದೊಡ್ಡವ್ವನ ಪೂಜೆ ಫಲ ಕಣ್ರಪ್ಪ. ನಮ್ಮತ್ತಿಗೆ ಮಾಡಿದ್ದೇನು? ಬಟ್ಟೇಲಿ ಒರೆಸುದ್ರು, ಅಷ್ಟೆಯಾ” ಎಂದರು.

ನೆಂಟರು ಎಂದಿನಂತೆ ತಲೆಯಾಡಿಸಿದರು. ದೊಡ್ಡವ್ವ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ.

“ಹಂಗೇ ಇರ್ಲಿ ಮೈದ್ನೋರೆ” ಎಂದೆ. “ಪೂಜೆ ಫಲ ಶಿವನಿಗೆ ಸೇರ್ಲಿ. ಬೀಗದ ಕೈ ಇಲ್ಲಿರ್ಲಿ.” ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಯನ್ನು ಮುಟ್ಟಿ ತೋರಿಸಿದೆ.

ಕಾರಿನ ಇಂಜಿನನ್ನು ಯಾರೂ ಆರಿಸಿರಲಿಲ್ಲ. ಒಳಗೆ ಮಣೆಯ ಮೇಲಿದ್ದ ಯಜಮಾನರು ಕತ್ತು ಓರೆಮಾಡಿ ಅದನ್ನೇ ಆಲಿಸುತ್ತಿದ್ದರು.

“ಡೈನಮೊ ಬ್ರಷ್ಷು ಒಂದು ಸವೆದೈತೆ” ಎಂದರು. “ಜನಗಳ ಮಾತು ಆಮೇಲೆ ನೋಡ್ಕೊಂಡ್ರಾಯ್ತು. ಬ್ಯಾಟ್ರಿ ತಂತಿ ಬಿಚ್ಚು ಮೊದ್ಲು.”

ಇಂಜಿನ್ ನಿಲ್ಲಿಸಿ, ದೊಡ್ಡವ್ವನಿಂದ ಪೆಟ್ಟಿಗೆಯ ಕೀಲಿ ಇಸಿದುಕೊಂಡೆ. ಸ್ಪ್ಯಾನರ್ ಹುಡುಕಿ ತಂದೆ. ನೆಂಟರು, ಮೈದುನ, ಬಸ್ಸಿಗೆ ಕಾದವರು, ಎಲ್ಲರೂ ನೋಡುತ್ತಿದ್ದಂತೆ ತಾಳಿಯನ್ನು ಬೆನ್ನ ಕಡೆಗೆ ಸರಿಸಿಕೊಂಡು ಬಗ್ಗಿದೆ.